ಒಂದು ಋತುವಿನ ಬಾಳು: ಆಸ್ಟರ್ ಹೂವಿನ ಕೃಷಿ

ಸಸ್ಯಗಳ ಆಯುಸ್ಸು ಒಂದೇ ಅಳತೆಯದಲ್ಲ. ಆಲದ ಮರ ನೂರಾರು ವರ್ಷ ಬಾಳಬಲ್ಲುದು. ದಾಸವಾಳದ ಗಿಡ ಅಂಗಳದಲ್ಲಿ ವರ್ಷಗಟ್ಟಲೆ ನಿಂತು ಹೂ ಕೊಡುತ್ತಿರುವುದು. ಇನ್ನು ಕೆಲವು ಸಸ್ಯಗಳಾದರೋ ಮೊಳೆತು, ಬೆಳೆದು, ಹೂ ಬಿಟ್ಟು, ಬೀಜ ಕಟ್ಟಿ, ಒಂದೇ ಋತುವಿನಲ್ಲಿ ತಮ್ಮ ಬಾಳನ್ನು ಮುಗಿಸಿಬಿಡುವುವು. ಇಂಥವನ್ನು ಸಸ್ಯಶಾಸ್ತ್ರದಲ್ಲಿ ಏಕವಾರ್ಷಿಕಗಳೆಂದು ಕರೆಯುತ್ತಾರೆ. ನಮ್ಮ ಹೊಲಗಳ ರಾಗಿ, ಹುರುಳಿ, ಸಾಸಿವೆಗಳು ಏಕವಾರ್ಷಿಕಗಳು. ಹೂದೋಟಕ್ಕೆ ಬಣ್ಣ ತುಂಬುವ ಚೆಂಡು ಹೂ, ಗೌರಿ ಹೂ, ಜೀನಿಯಾ, ಆಸ್ಟರ್ ಮುಂತಾದುವೂ ಇದೇ ಗುಂಪಿಗೆ ಸೇರಿದುವು.

ಇವುಗಳಲ್ಲಿ ಆಸ್ಟರ್ ಬೆಂಗಳೂರಿನ ಸುತ್ತಮುತ್ತಲ ರೈತರಿಗೂ ಹೂವಿನ ಪೇಟೆಗೂ ಚಿರಪರಿಚಿತವಾದ ಸಸ್ಯ. ಬಿಳಿ, ನಸುಗೆಂಪು, ಕಡುಗೆಂಪು, ನೇರಳೆ ಬಣ್ಣಗಳ ಇದರ ಹೂಗಳು ಹಾರಕ್ಕೂ ಹೂದಾನಿಗೂ ಒದಗುವುವು. ನಗರದ ಉತ್ತರಕ್ಕಿರುವ ಸಹಕಾರನಗರದಂಥ ಬಡಾವಣೆಗಳಲ್ಲಿ ಮನೆಯ ಮುಂದೆ ನಾಲ್ಕು ಹೆಜ್ಜೆ ನೆಲವಿದ್ದರೂ ಇದನ್ನು ಬೆಳೆಯಬಹುದು. ಆದರೆ ಬೆಳೆದವರಲ್ಲಿ ಹಲವರಿಗೆ ಒಂದು ಸಮಸ್ಯೆ ಎದುರಾಗುವುದುಂಟು. ಮೊದಲನೆಯ ವರ್ಷ ಪಾತಿ ತುಂಬ ಹೂ. ಎರಡನೆಯ ವರ್ಷ ಅದೇ ಪಾತಿಯಲ್ಲಿ, ಅದೇ ಆರೈಕೆಯಲ್ಲಿ, ಅಲ್ಲೊಂದು ಇಲ್ಲೊಂದು ಗಿಡ ಬಾಡಿ ಸಾಯುವುದು. ಮೂರನೆಯ ವರ್ಷಕ್ಕೆ ಅರ್ಧ ಪಾತಿ ಬರಿದು. ಉಳಿಸಿಟ್ಟಿದ್ದ ಬೀಜವೂ ಸರಿಯಾಗಿ ಮೊಳೆಯುವುದಿಲ್ಲ. ನೀರು ಸಾಲದೆಂದು ಹೆಚ್ಚು ನೀರೆರೆದರೆ ರೋಗ ಇಮ್ಮಡಿಯಾಗುವುದು.

ಇದಕ್ಕೆ ಕಾರಣ ಅದೃಷ್ಟವಲ್ಲ. ಏಕವಾರ್ಷಿಕದ ಬಾಳಿನ ಕ್ರಮವೇ ಇದಕ್ಕೆ ಕಾರಣ. ಗಿಡ ಒಂದು ಋತುವಿಗೆ ಮುಗಿದುಹೋದರೂ ಎರಡು ವಸ್ತುಗಳು ಮುಂದಿನ ಋತುವಿಗೆ ಉಳಿಯುತ್ತವೆ. ಒಂದು ಬೀಜ, ಇನ್ನೊಂದು ಮಣ್ಣು. ಬೀಜ ಗಿಡದ ಗುಣಗಳನ್ನು ಉಳಿಸುವುದು; ಮಣ್ಣು ಗಿಡದ ರೋಗವನ್ನು ಉಳಿಸುವುದು. ಆದುದರಿಂದ ಆಸ್ಟರ್ ಬೆಳೆಯುವವನು ಗಿಡವನ್ನು ನೋಡಿಕೊಂಡಷ್ಟೇ ಎಚ್ಚರಿಕೆಯಿಂದ ಇವೆರಡನ್ನೂ ನೋಡಿಕೊಳ್ಳಬೇಕು. ಈ ಮಾತನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಕ್ಷತ್ರದ ಹೆಸರು

ಆಸ್ಟರ್ ಎಂದರೆ ಗ್ರೀಕ್ ಭಾಷೆಯಲ್ಲಿ ನಕ್ಷತ್ರ. ನಮ್ಮ ತೋಟಗಳ ಆಸ್ಟರಿನ ತವರು ಚೀನಾ ದೇಶ. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಇದರ ಬೀಜಗಳು ಅಲ್ಲಿಂದ ಪ್ಯಾರಿಸ್ಸಿನ ರಾಜೋದ್ಯಾನಕ್ಕೆ ಬಂದುವು. 1731ರಲ್ಲಿ ಲಂಡನ್ನಿನ ಚೆಲ್ಸಿಯಾ ಸಸ್ಯೋದ್ಯಾನದ ಫಿಲಿಪ್ ಮಿಲ್ಲರನಿಗೂ ದೊರೆತುವು. 1753ರಲ್ಲಿ ಲಿನೇಯಸ್ ಇದಕ್ಕೆ ಆಸ್ಟರ್ ಚೈನೆನ್ಸಿಸ್ ಎಂದು ಹೆಸರಿಟ್ಟನು. ಮುಂದೆ 1825ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಹೆನ್ರಿ ಕ್ಯಾಸಿನಿ ಇದು ನಿಜವಾದ ಆಸ್ಟರುಗಳಿಗಿಂತ ಬೇರೆಯಾದುದೆಂದು ಕಂಡು, ಇದಕ್ಕಾಗಿ ಕ್ಯಾಲಿಸ್ಟೆಫಸ್ ಎಂಬ ಪ್ರತ್ಯೇಕ ಜಾತಿಯನ್ನು ಕಲ್ಪಿಸಿದನು. ಅತಿ ಸುಂದರವಾದ ಕಿರೀಟವೆಂದು ಆ ಹೆಸರಿನ ಅರ್ಥ. ಆ ಜಾತಿಯಲ್ಲಿ ಈ ಒಂದೇ ಪ್ರಭೇದವಿದೆ. ಕ್ಯಾಸಿನಿಯ ಹಿಂದಿನ ನಾಲ್ಕು ತಲೆಮಾರುಗಳವರು ಪ್ಯಾರಿಸ್ಸಿನ ವೀಕ್ಷಣಾಲಯದ ಪ್ರಸಿದ್ಧ ಖಗೋಳಜ್ಞರು. ಐದನೆಯ ತಲೆಮಾರಿನವನಾದ ಈತನು ಆಕಾಶದ ನಕ್ಷತ್ರಗಳನ್ನು ಬಿಟ್ಟು ನೆಲದ ನಕ್ಷತ್ರಗಳನ್ನು ಅಭ್ಯಸಿಸಿದನೆನ್ನಬಹುದು.

ಕರ್ನಾಟಕದಲ್ಲಿ ಈ ಸಸ್ಯಕ್ಕೆ ಒಂದು ಹೊಸ ಅಧ್ಯಾಯ ಸೇರಿದ್ದು ಹೆಸರಘಟ್ಟದಲ್ಲಿ. 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ಹವೆಗೆ ಒಗ್ಗುವ ತಳಿಗಳನ್ನು ಬೆಳೆಸಿಕೊಟ್ಟರು. ಕಡು ನಸುಗೆಂಪಿನ ಕಾಮಿನಿ, ಬಿಳಿಯ ಪೂರ್ಣಿಮಾ, ಕೆನೆಬಿಳುಪಿನ ಶಶಾಂಕ, ನೇರಳೆಯ ವಯಲೆಟ್ ಕುಷನ್ ಇವು ಅವುಗಳಲ್ಲಿ ಮುಖ್ಯವಾದುವು. ಇವನ್ನು ಈಗ ಅರ್ಕ ಎಂಬ ಪೂರ್ವಪದದೊಡನೆ, ಅರ್ಕ ಕಾಮಿನಿ, ಅರ್ಕ ಪೂರ್ಣಿಮಾ ಎಂದು ಮುಂತಾಗಿ ಕರೆಯುತ್ತಾರೆ.

ಒಂದು ಹೂವಲ್ಲ, ಹೂಗಳ ಸಭೆ

ನಾವು ಆಸ್ಟರ್ ಹೂ ಎನ್ನುವುದು ವಾಸ್ತವವಾಗಿ ಒಂದು ಹೂವಲ್ಲ. ಸೂರ್ಯಕಾಂತಿ, ಸೇವಂತಿಗೆಗಳಲ್ಲಿರುವಂತೆ ಇಲ್ಲಿಯೂ ನೂರಾರು ಕಿರುಹೂಗಳು ಒಂದೇ ತಟ್ಟೆಯ ಮೇಲೆ ಒತ್ತಾಗಿ ಕುಳಿತಿವೆ. ಅಂಚಿನ ಕಿರುಹೂಗಳ ದಳ ನಾಲಗೆಯಂತೆ ಹೊರಕ್ಕೆ ಚಾಚಿರುವುದು. ನಡುವಿನ ಕಿರುಹೂಗಳು ಹಳದಿಯ ಸಣ್ಣ ಕೊಳವೆಗಳು. ಕಾಡು ಆಸ್ಟರಿನಲ್ಲಿ ನಾಲಗೆಯಂಥ ಕಿರುಹೂಗಳು ಅಂಚಿನಲ್ಲಿ ಮಾತ್ರ ಇರುವುವು. ಉದ್ಯಾನಗಾರರು ತಲೆಮಾರುಗಳ ಕಾಲ ಆಯ್ಕೆ ಮಾಡುತ್ತ ಬಂದುದರ ಫಲವಾಗಿ ನಡುವಿನವೂ ಬಣ್ಣ ತಾಳಿ ಉದ್ದವಾದುವು. ಹೂವು ದುಂಡು ಕುಚ್ಚಿನ ಆಕಾರವನ್ನು ಪಡೆಯಿತು. ವಿದ್ಯಾರ್ಥಿಗಳು ಒಂದು ಹೂವನ್ನು ಉದ್ದಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿಯೊಂದು ಕಿರುಹೂವಿನ ಬುಡದಲ್ಲಿಯೂ ಒಂದೊಂದು ಪುಟ್ಟ ಅಂಡಾಶಯವನ್ನು ಕಾಣಬಹುದು. ಮುಂದೆ ಬೀಜವಾಗುವುದು ಅದೇ. ಸೂಕ್ಷ್ಮವಾಗಿ ಹೇಳುವುದಾದರೆ, ನಾವು ಬಿತ್ತುವ ಆಸ್ಟರ್ ಬೀಜ ಒಳಗೆ ಒಂದು ಬೀಜವುಳ್ಳ ಒಣ ಕಾಯಿ.

ಈ ಗಿಡದಲ್ಲಿ ಮುಖ್ಯ ಕಾಂಡವೂ ಪ್ರತಿಯೊಂದು ರೆಂಬೆಯೂ ಹೂವಿನಲ್ಲಿಯೇ ಕೊನೆಗೊಳ್ಳುವುವು. ಬೆಳೆಯುವ ಕುಡಿಯೇ ಹೂವಾಗಿ ಮಾರ್ಪಟ್ಟ ಮೇಲೆ ಆ ರೆಂಬೆ ಮುಂದೆ ಬೆಳೆಯಲಾರದು. ಆದುದರಿಂದ ಹೂಗಳನ್ನು ಕೊಯ್ದ ಆಸ್ಟರ್ ಗಿಡ ಮತ್ತೊಮ್ಮೆ ಹಿಂದಿನಂತೆ ಹೂ ಬಿಡದು. ಬಹುಕಾಲ ಹೂ ಬೇಕಾದವರು ಎರಡು ಮೂರು ವಾರಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಬೀಜವನ್ನು ಬಿತ್ತುತ್ತಿರಬೇಕು.

ಯಾವಾಗ ಬಿತ್ತಬೇಕು?

ಬಿತ್ತಿದ ದಿನದಿಂದ ಹೂ ಬಿಡಲು ಮೂರರಿಂದ ನಾಲ್ಕು ತಿಂಗಳು ಬೇಕು. ನವರಾತ್ರಿಗೆ ಹೂ ಬೇಕೆನ್ನುವವರು ಜೂನ್ ತಿಂಗಳಲ್ಲಿ ಬಿತ್ತಬೇಕು. ಹೂವನ್ನೇ ನಂಬಿದ ರೈತನಿಗೆ ಈ ಲೆಕ್ಕ ಬಹು ಮುಖ್ಯವಾದುದು; ಹಬ್ಬ ಕಳೆದ ಮರುವಾರ ಅರಳಿದ ಹೂವಿಗೆ ಹಬ್ಬದ ಬೆಲೆ ಬಾರದು. ಆದರೆ ಬೆಂಗಳೂರಿನಲ್ಲಿ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆ ಕಾಲದಲ್ಲಿ ಅರಳಿದ ಹೂ ನೀರು ಕುಡಿದು ಕೊಳೆಯುವ ಭಯವಿದೆ. ಮನೆತೋಟದವರು ಸೆಪ್ಟೆಂಬರ್ ಕೊನೆಯಲ್ಲಿ ಸಸಿಮಡಿಗೆ ಮಳೆಯ ಮರೆಯನ್ನು ಕಟ್ಟಿ ಬಿತ್ತಿದರೆ, ಜನವರಿಯ ತಿಳಿ ಬಿಸಿಲಿನಲ್ಲಿ ಶುಭ್ರವಾದ ಹೂಗಳು ದೊರೆಯುವುವು. ಬೀಜವೂ ಒಣ ಹವೆಯಲ್ಲಿ ಬಲಿಯುವುದು.

ಇಲ್ಲಿ ಹಗಲಿನ ಉದ್ದದ ಪ್ರಭಾವವನ್ನು ಮರೆಯಬಾರದು. ಸಸ್ಯಗಳು ಹಗಲಿರುಳುಗಳ ಉದ್ದವನ್ನು ಅಳೆಯಬಲ್ಲವೆಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಪ್ರಕಟಿಸಿದರು. ಆಸ್ಟರಿನ ಕಾಂಡ ನೀಳವಾಗಿ ಬೆಳೆಯಲು ದೀರ್ಘವಾದ ಹಗಲು ಸಹಾಯಕ. ಹಗಲು ಕಿರಿದಾದರೆ ಎಲೆಗಳು ನೆಲಕ್ಕಂಟಿದ ಚಕ್ರದಂತೆ ನಿಂತು ಕಾಂಡ ಗಿಡ್ಡವಾಗಿಯೇ ಉಳಿಯುವುದುಂಟು. ಪ್ಯಾರಿಸ್ಸಿನಲ್ಲಿ ಜೂನ್ ತಿಂಗಳ ಹಗಲು ಸುಮಾರು 16 ಗಂಟೆ. ಬೆಂಗಳೂರಿನಲ್ಲಿಯಾದರೋ ಅತಿ ದೀರ್ಘವಾದ ಹಗಲು 13 ಗಂಟೆಗೆ ಸ್ವಲ್ಪ ಕಡಿಮೆ, ಅತಿ ಕಿರಿದಾದುದು ಸುಮಾರು ಹನ್ನೊಂದೂಕಾಲು ಗಂಟೆಗಿಂತ ತುಸು ಹೆಚ್ಚು. ಹಾಗಾಗಿ ಪರದೇಶದ ಬೀಜದ ಪೊಟ್ಟಣದ ಮೇಲೆ ಅಚ್ಚಾಗಿರುವ ಎತ್ತರವನ್ನು ಇಲ್ಲಿ ಅಪೇಕ್ಷಿಸುವುದು ಸರಿಯಲ್ಲ. ಸೆಪ್ಟೆಂಬರಿನಲ್ಲಿ ಬಿತ್ತಿದ ಗಿಡ ಜೂನಿನಲ್ಲಿ ಬಿತ್ತಿದುದಕ್ಕಿಂತ ಗಿಡ್ಡವಾದರೆ ಅದು ಗೊಬ್ಬರದ ಕೊರತೆಯೇ ಎಂದು ಭಾವಿಸಬೇಕಾಗಿಲ್ಲ.

ನೆಲ, ಸಸಿಮಡಿ, ನಾಟಿ

ಬೆಂಗಳೂರಿನ ಕೆಮ್ಮಣ್ಣಿನಲ್ಲಿ ನೀರು ಚೆನ್ನಾಗಿ ಬಸಿಯುವುದು. ಆಸ್ಟರಿಗೆ ಅದು ಹಿತ. ಆದರೆ ಬಡಾವಣೆಗಳಲ್ಲಿ ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು, ಸುಣ್ಣ, ಸಿಮೆಂಟು ನೆಲದಲ್ಲಿ ಹೂತಿರುವುದು ಸಾಮಾನ್ಯ. ಇವು ಮಣ್ಣಿನ ಕ್ಷಾರಗುಣವನ್ನು ಹೆಚ್ಚಿಸುವುವು. ಆದುದರಿಂದ ಪಾತಿಯನ್ನು 30 ಸೆಂಟಿಮೀಟರ್ ಆಳಕ್ಕೆ ಅಗೆದು ಇವನ್ನು ಆರಿಸಿ ತೆಗೆಯಬೇಕು. ಚದರ ಮೀಟರಿಗೆ ಎರಡು ಕಿಲೋಗ್ರಾಂನಷ್ಟು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಬೇಕು. ಹಸಿ ಸಗಣಿಯನ್ನು ಹಾಕಬಾರದು. ಸಾರಜನಕ ಅತಿಯಾದರೆ ಎಲೆ ಸೊಂಪಾಗಿ ಬೆಳೆದು ಹೂ ಹಿಂದೆ ಬೀಳುವುದು. ಗಿಡ ರೋಗಕ್ಕೂ ಸುಲಭವಾಗಿ ತುತ್ತಾಗುವುದು. ದಿನಕ್ಕೆ ಐದಾರು ಗಂಟೆಗಳಾದರೂ ನೇರ ಬಿಸಿಲು ಬೀಳುವ ಸ್ಥಳವನ್ನೇ ಆರಿಸಬೇಕು.

3 ಮೀಟರ್ ಉದ್ದ, 1.2 ಮೀಟರ್ ಅಗಲದ ಪಾತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟರೆ ಇದರಲ್ಲಿ 40 ಗಿಡಗಳು ಹಿಡಿಯುತ್ತವೆ. ಒಂದು ಗ್ರಾಂ ತೂಕದಲ್ಲಿ ಸುಮಾರು 400 ಬೀಜಗಳಿರುವುದರಿಂದ, ಮೊಳೆಯದವನ್ನೂ ಸೊರಗಿದವನ್ನೂ ಲೆಕ್ಕಕ್ಕೆ ಹಿಡಿದರೂ ಕಾಲು ಗ್ರಾಂ ಬೀಜ ಧಾರಾಳವಾಗಿ ಸಾಕು.

ಬೀಜವನ್ನು ನೇರವಾಗಿ ಪಾತಿಗೆ ಚೆಲ್ಲದೆ, ತುಸು ಎತ್ತರಿಸಿದ ಸಸಿಮಡಿಯಲ್ಲಾಗಲಿ ಅಗಲವಾದ ಕುಂಡದಲ್ಲಾಗಲಿ ಬಿತ್ತಬೇಕು. ಮಣ್ಣು, ಮರಳು, ಎಲೆಗೊಬ್ಬರಗಳನ್ನು ಸಮನಾಗಿ ಬೆರೆಸಿ, ಐದು ಸೆಂಟಿಮೀಟರ್ ಅಂತರದ ಗೆರೆಗಳಲ್ಲಿ ಬೀಜವಿಟ್ಟು, ಅರ್ಧ ಸೆಂಟಿಮೀಟರಿನಷ್ಟು ಪುಡಿಮಣ್ಣನ್ನು ಮುಚ್ಚಬೇಕು. ಸಣ್ಣ ತೂತುಗಳ ಝಾರಿಯಿಂದ ನೀರನ್ನು ಚಿಮುಕಿಸಬೇಕು. ಒಂದು ವಾರದಿಂದ ಹತ್ತು ದಿನಗಳಲ್ಲಿ ಮೊಳಕೆ ಏಳುವುದು. ಸಸಿಗಳು ಒತ್ತಾಗಿದ್ದರೆ ಕೆಲವನ್ನು ಕಿತ್ತು ಗಾಳಿಯಾಡುವಂತೆ ಮಾಡಬೇಕು. ಇಲ್ಲವಾದರೆ ಬುಡ ಕೊಳೆತು ಮಲಗುವುವು.

ನಾಲ್ಕೈದು ಎಲೆಗಳು ಮೂಡಿದಾಗ, ಎಂದರೆ ಸುಮಾರು ಐದು ವಾರಗಳ ಬಳಿಕ, ಸಂಜೆಯ ಹೊತ್ತು ಸಸಿಗಳನ್ನು ಬೇರಿನ ಮಣ್ಣಿನೊಡನೆ ಎತ್ತಿ ಪಾತಿಗೆ ನೆಡಬೇಕು. ಆಸ್ಟರಿನ ಬೇರುಗಳು ಮೇಲುಮಣ್ಣಿನಲ್ಲಿಯೇ ಹರಡುವುದರಿಂದ ಕಳೆ ತೆಗೆಯುವಾಗ ಕುಡುಗೋಲನ್ನಾಗಲಿ ಗುದ್ದಲಿಯನ್ನಾಗಲಿ ಆಳಕ್ಕಿಳಿಸಬಾರದು. ನೀರನ್ನು ಎಲೆಗಳ ಮೇಲೆ ಸುರಿಯದೆ ಬುಡಕ್ಕೆ ಕೊಡಬೇಕು. ಮೇಲುಮಣ್ಣು ಒಣಗಿದಾಗಲೇ ಮತ್ತೆ ಕೊಡಬೇಕು. ನಾಟಿಯಾದ ತಿಂಗಳಿಗೆ ಕುಡಿಯನ್ನು ಚಿವುಟಿದರೆ ಪಕ್ಕದ ರೆಂಬೆಗಳು ಹೆಚ್ಚಿ ಹೂಗಳ ಸಂಖ್ಯೆ ಏರುವುದು. ಆದರೆ ಹೂ ತುಸು ಚಿಕ್ಕದಾಗಿ, ತಡವಾಗಿ ಬರುವುದು. ಹೂದಾನಿಗೆ ಉದ್ದ ಕಾಂಡದ ಹೂ ಬೇಕಾದವರು ಚಿವುಟದೆ ಬಿಡುವುದು ಮೇಲು.

ಮಣ್ಣಿನಲ್ಲಿ ಉಳಿಯುವ ಶತ್ರು

ಇನ್ನು ಆರಂಭದಲ್ಲಿ ಹೇಳಿದ ಸಮಸ್ಯೆಗೆ ಬರೋಣ. ಚೆನ್ನಾಗಿದ್ದ ಗಿಡದ ಕೆಳಗಿನ ಎಲೆಗಳು ಹಳದಿಯಾಗುತ್ತವೆ. ಅನೇಕ ವೇಳೆ ಗಿಡದ ಒಂದು ಪಕ್ಕ ಮಾತ್ರ ಬಾಡುವುದು. ಕೆಲವೇ ದಿನಗಳಲ್ಲಿ ಇಡೀ ಗಿಡ ಒಣಗುವುದು. ಬುಡದ ಕಾಂಡವನ್ನು ಚೂರಿಯಿಂದ ಸೀಳಿ ನೋಡಿದರೆ ಕಂದುಬಣ್ಣದ ಗೆರೆಗಳು ಕಾಣುವುವು. ಇದೇ ಬಾಡುರೋಗ. ಇದಕ್ಕೆ ಕಾರಣ ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಶಿಲೀಂಧ್ರ. ಅದು ಬೇರಿನ ಮೂಲಕ ಪ್ರವೇಶಿಸಿ ಜಲವಾಹಿನಿಗಳಲ್ಲಿ ಬೆಳೆದು, ಎಲೆಗಳಿಗೆ ನೀರೇರದಂತೆ ಮಾಡುವುದು. ಮಣ್ಣಿನಲ್ಲಿ ನೀರಿದ್ದರೂ ಗಿಡ ಬಾಯಾರಿ ಸಾಯುವುದು. ಹೆಚ್ಚು ನೀರೆರೆದುದು ಏಕೆ ಉಪಯೋಗಕ್ಕೆ ಬಾರದೆಂಬುದು ಈಗ ಸ್ಪಷ್ಟವಾಗುವುದು.

ಈ ಶಿಲೀಂಧ್ರದಲ್ಲಿ ಹಲವು ವಿಶೇಷ ರೂಪಗಳಿವೆ. ಬಾಳೆಯನ್ನು ಕೆಡಿಸುವುದು ಒಂದು, ಟೊಮೇಟೊವನ್ನು ಬಾಡಿಸುವುದು ಇನ್ನೊಂದು, ಆಸ್ಟರನ್ನು ಕೊಲ್ಲುವುದು ಮತ್ತೊಂದು. ಆಸ್ಟರಿಗೆ ತಗಲುವ ರೂಪ ಚೆಂಡು ಹೂವನ್ನಾಗಲಿ ಗೌರಿ ಹೂವನ್ನಾಗಲಿ ಬಾಧಿಸದು. ಆದರೆ ಅದರ ದಪ್ಪ ಗೋಡೆಯ ಬೀಜಕಣಗಳು ಆತಿಥೇಯ ಗಿಡಕ್ಕಾಗಿ ಕಾಯುತ್ತ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲುವು. ಪ್ರತಿವರ್ಷ ಅದೇ ಪಾತಿಯಲ್ಲಿ ಆಸ್ಟರನ್ನು ನೆಟ್ಟರೆ ಶತ್ರುವಿಗೆ ಪ್ರತಿವರ್ಷ ಔತಣವಿಟ್ಟಂತಾಗುವುದು. ಮೂರನೆಯ ವರ್ಷ ಪಾತಿ ಬರಿದಾಗುವುದರ ರಹಸ್ಯ ಇದೇ.

ರೋಗ ಹತ್ತಿದ ಗಿಡವನ್ನು ಬದುಕಿಸುವ ಔಷಧವಿಲ್ಲ. ಆದರೆ ಬಾರದಂತೆ ತಡೆಯಲು ಮಾರ್ಗಗಳುಂಟು. ಮೊದಲನೆಯದು ಸರದಿ. ಆಸ್ಟರ್ ಬೆಳೆದ ಪಾತಿಯಲ್ಲಿ ಮುಂದಿನ ಮೂರು ನಾಲ್ಕು ವರ್ಷ ಬೇರೆ ಹೂಗಳನ್ನೋ ಹುರುಳಿಕಾಯಿಯನ್ನೋ ಬೆಳೆಯಬೇಕು. ಸ್ಥಳವಿಲ್ಲದವರು ಹೊಸ ಮಣ್ಣು ತುಂಬಿದ ಕುಂಡಗಳಲ್ಲಿ ಆಸ್ಟರನ್ನು ನೆಡಬಹುದು. ಎರಡನೆಯದು ಶುದ್ಧಿ. ಸತ್ತ ಗಿಡವನ್ನು ಬೇರುಸಹಿತ ಕಿತ್ತು ಪಾತಿಯಿಂದ ದೂರ ಹಾಕಬೇಕೇ ಹೊರತು ಗೊಬ್ಬರದ ಗುಂಡಿಗೆ ಹಾಕಬಾರದು. ಮೂರನೆಯದು, ಶತ್ರುಶಿಲೀಂಧ್ರದೊಡನೆ ಸ್ಪರ್ಧಿಸುವ ಟ್ರೈಕೊಡರ್ಮಾ ಎಂಬ ಮಿತ್ರಶಿಲೀಂಧ್ರವನ್ನು ಕಳಿತ ಗೊಬ್ಬರದಲ್ಲಿ ಬೆರೆಸಿ ಪಾತಿಗೆ ಕೊಡುವುದು.

ನಾಲ್ಕನೆಯ ಮಾರ್ಗಕ್ಕೆ ಬೇಕಾದುದು ನಮ್ಮ ಬೇಸಗೆಯ ಬಿಸಿಲು. 1976ರಲ್ಲಿ ಇಸ್ರೇಲಿನ ಕಟಾನ್ ಎಂಬ ವಿಜ್ಞಾನಿಯೂ ಅವನ ಸಹೋದ್ಯೋಗಿಗಳೂ ಇದನ್ನು ಪ್ರಕಟಿಸಿದರು. ಪಾತಿಯನ್ನು ಹದವಾಗಿ ನೆನೆಸಿ, ಪಾರದರ್ಶಕವಾದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂಳಬೇಕು. ಬಿಸಿಲು ಹಾಳೆಯ ಮೂಲಕ ಒಳಹೊಕ್ಕು ಮಣ್ಣನ್ನು ಕಾಯಿಸುವುದು. ಹಾಳೆಯೂ ಅದರ ಒಳಮೈಯ ನೀರಹನಿಗಳೂ ಶಾಖವನ್ನು ಹೊರಹೋಗಗೊಡವು. ಮೇಲುಮಣ್ಣಿನ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದುಂಟು. ಒದ್ದೆ ಮಣ್ಣಿನಲ್ಲಿ ಶಾಖ ಚೆನ್ನಾಗಿ ಆಳಕ್ಕಿಳಿಯುವುದಲ್ಲದೆ ಬೀಜಕಣಗಳೂ ಬೇಗನೆ ಸಾಯುವುವು. ಮಾರ್ಚಿಯಿಂದ ಮೇ ತಿಂಗಳ ನಡುವೆ ನಾಲ್ಕರಿಂದ ಆರು ವಾರ ಹೀಗೆ ಮಾಡಿದರೆ ರೋಗ ಬಹುಮಟ್ಟಿಗೆ ತಗ್ಗುವುದು. ಕಪ್ಪು ಹಾಳೆ ತಾನೇ ಬಿಸಿಲನ್ನು ಹೀರಿಕೊಳ್ಳುವುದರಿಂದ ಇಷ್ಟು ಫಲಕಾರಿಯಲ್ಲ.

ಹಸಿರು ಹೂವಿನ ರಹಸ್ಯ

ಕೆಲವು ಸಲ ಗಿಡ ಸಾಯದೆ, ಬೆಳ್ಳಗೆ ಹಳದಿಗಟ್ಟಿ, ಸಣ್ಣ ರೆಂಬೆಗಳ ಪೊದೆಯಾಗಿ, ಹೂವು ಬಣ್ಣಗೆಟ್ಟು ಹಸಿರಾಗುವುದು. ಇದೇ ಆಸ್ಟರಿನ ಹಳದಿರೋಗ. ಇದನ್ನು ಜಿಗಿಹುಳು ಗಿಡದಿಂದ ಗಿಡಕ್ಕೆ ಒಯ್ಯುವುದೆಂದು ಅಮೆರಿಕದ ಕುಂಕೆಲ್ 1926ರಲ್ಲಿ ತೋರಿಸಿದನು. ಯಾವ ಸೂಕ್ಷ್ಮಜೀವಿಯೂ ಕಣ್ಣಿಗೆ ಬೀಳದಿದ್ದುದರಿಂದ ಇದು ವೈರಸ್ಸಿನ ಕೆಲಸವೆಂದು ನಲವತ್ತು ವರ್ಷ ನಂಬಲಾಗಿತ್ತು. 1967ರಲ್ಲಿ ಜಪಾನಿನ ದೋಯಿ ಮತ್ತು ಅವನ ಸಂಗಡಿಗರು ಇಂಥ ರೋಗಗಳುಳ್ಳ ಸಸ್ಯಗಳ ಆಹಾರವಾಹಿನಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಕೋಶಗೋಡೆಯಿಲ್ಲದ ಅತಿ ಸೂಕ್ಷ್ಮ ಜೀವಿಗಳು ಕಂಡುವು. ಬ್ಯಾಕ್ಟೀರಿಯಗಳ ಬಳಗಕ್ಕೆ ಸೇರಿದ ಇವನ್ನು ಈಗ ಫೈಟೊಪ್ಲಾಸ್ಮಾ ಎನ್ನುತ್ತಾರೆ. ಒಂದು ಹೂದೋಟದ ಗಿಡದ ಕಾಯಿಲೆ ಜೀವಿಗಳ ಒಂದು ಹೊಸ ಗುಂಪನ್ನೇ ಕಾಣಿಸಿಕೊಡಲು ನೆರವಾಯಿತು. ತೋಟದಲ್ಲಿ ಇದಕ್ಕೆ ಪರಿಹಾರ ಒಂದೇ: ಇಂಥ ಗಿಡ ಕಂಡೊಡನೆ ಕಿತ್ತುಹಾಕುವುದು.

ಬೀಜದ ರಕ್ಷಣೆ

ರೋಗ ತಗಲಿದ ಪಾತಿಯಲ್ಲಿಯೂ ಒಮ್ಮೊಮ್ಮೆ ಒಂದೆರಡು ಗಿಡಗಳು ಗಟ್ಟಿಯಾಗಿ ನಿಂತಿರುವುವು. ಅವುಗಳ ಬೀಜಕ್ಕೆ ಬೆಲೆಯುಂಟು. ಬಾಡುರೋಗವನ್ನು ತಡೆಯಬಲ್ಲ ಆಸ್ಟರ್ ತಳಿಗಳನ್ನು ಆಯ್ಕೆ ಮಾಡಿದುದು ಇಂಥ ಗಿಡಗಳಿಂದಲೇ. ಹಾಗೆಂದು ರೋಗಿಷ್ಠ ಗಿಡದ ಬೀಜವನ್ನು ಮಾತ್ರ ಎಂದಿಗೂ ಇಡಬಾರದು.

ಆಸ್ಟರಿನಲ್ಲಿ ಹೆಚ್ಚಿನ ಮಟ್ಟಿಗೆ ಸ್ವಕೀಯ ಪರಾಗಸ್ಪರ್ಶ ನಡೆಯುವುದರಿಂದ ಮಕ್ಕಳು ತಾಯಿಯನ್ನು ಬಹುಪಾಲು ಹೋಲುವುವು. ಆದರೂ ಜೇನ್ನೊಣಗಳು ಅಲ್ಪಸ್ವಲ್ಪ ಮಿಶ್ರ ಮಾಡುವುದುಂಟು. ತಳಿ ಶುದ್ಧವಾಗಿರಬೇಕೆನ್ನುವವರು ಮೊಗ್ಗು ಬಿರಿಯುವ ಮೊದಲೇ ತೆಳುಬಟ್ಟೆಯ ಚೀಲವನ್ನು ಕಟ್ಟಬೇಕು. ಅರಳಿದ ಐದಾರು ವಾರಗಳಲ್ಲಿ ಹೂ ಕಂದುಬಣ್ಣಕ್ಕೆ ತಿರುಗಿ, ನಡುವಿನಿಂದ ಬಿಳಿಯ ರೋಮಗಳು ಹೊರಹೊಮ್ಮಿದಾಗ ಬೀಜ ಬಲಿತಿದೆಯೆಂದು ತಿಳಿಯಬೇಕು. ಒಣಹವೆಯಲ್ಲಿ ಕೊಯ್ದು ನೆರಳಿನಲ್ಲಿ ಒಣಗಿಸಬೇಕು.

ಆಸ್ಟರ್ ಬೀಜ ಅಲ್ಪಾಯುಷಿ. ಸಾಧಾರಣ ಕೋಣೆಯಲ್ಲಿ ಪೊಟ್ಟಣ ಕಟ್ಟಿಟ್ಟರೆ ಒಂದು ವರ್ಷ ಕಳೆಯುವಷ್ಟರಲ್ಲಿ ಮೊಳೆಯುವ ಶಕ್ತಿ ಬಹಳ ಕುಂದುವುದು. ಬೀಜವಿಜ್ಞಾನಿ ಹ್ಯಾರಿಂಗ್ಟನ್ ಹೇಳಿದ ಒಂದು ಸ್ಥೂಲ ನಿಯಮ ಇಲ್ಲಿ ಉಪಯುಕ್ತ: ಬೀಜದ ತೇವ ಶೇಕಡ 1ರಷ್ಟು ತಗ್ಗಿದಾಗಲೆಲ್ಲ ಅದರ ಆಯುಸ್ಸು ಇಮ್ಮಡಿಯಾಗುವುದು, ಇಟ್ಟ ಸ್ಥಳದ ಉಷ್ಣತೆ 5 ಡಿಗ್ರಿ ತಗ್ಗಿದಾಗಲೂ ಹಾಗೆಯೇ. ಅಂದರೆ ತೇವವನ್ನು ಶೇಕಡ 2ರಷ್ಟು, ಉಷ್ಣತೆಯನ್ನು 10 ಡಿಗ್ರಿಗಳಷ್ಟು ಕಡಿಮೆ ಮಾಡಿದರೆ ಆಯುಸ್ಸು ಹದಿನಾರು ಪಟ್ಟು ಆಗುವುದು. ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಗಾಜಿನ ಸೀಸೆಯಲ್ಲಿ ಹಾಕಿ, ಅದರ ಮೇಲೆ ಬೀಜದ ಪೊಟ್ಟಣವನ್ನಿಟ್ಟು, ಮುಚ್ಚಳವನ್ನು ಬಿಗಿದು, ಶೀತಕಪಾಟಿನಲ್ಲಿ ಇರಿಸುವುದು ಮನೆಯಲ್ಲಿಯೇ ಮಾಡಬಹುದಾದ ಉಪಾಯ. ಅಕ್ಕಿ ತೇವವನ್ನು ಹೀರಿಕೊಳ್ಳುವುದು.

ವಿದ್ಯಾರ್ಥಿಗಳು ಮಾಡಬಹುದಾದ ಎರಡು ಪ್ರಯೋಗಗಳನ್ನು ಸೂಚಿಸಿ ಈ ಲೇಖನವನ್ನು ಮುಗಿಸಬಹುದು. ಒಂದೇ ಗಿಡದ ಬೀಜವನ್ನು ಎರಡು ಪಾಲು ಮಾಡಿ, ಒಂದನ್ನು ತೆರೆದ ಪೊಟ್ಟಣದಲ್ಲಿ, ಇನ್ನೊಂದನ್ನು ಮೇಲೆ ಹೇಳಿದಂತೆ ಸೀಸೆಯಲ್ಲಿ ಇಡಿ. ಮೂರು ತಿಂಗಳಿಗೊಮ್ಮೆ ಪ್ರತಿಯೊಂದರಿಂದಲೂ 25 ಬೀಜಗಳನ್ನು ತೆಗೆದು ಒದ್ದೆ ಬಟ್ಟೆಯಲ್ಲಿ ಮೊಳೆಯಿಸಿ, ಹತ್ತು ದಿನಗಳ ಬಳಿಕ ಎಣಿಸಿ ಬರೆದಿಡಿ. ಎರಡನೆಯದಾಗಿ, ಸೆಪ್ಟೆಂಬರಿನಲ್ಲಿ ಬಿತ್ತಿದ ಸಸಿಗಳನ್ನು ಎರಡು ಕುಂಡಗಳಲ್ಲಿ ನೆಟ್ಟು, ಒಂದಕ್ಕೆ ಸಂಜೆಯಾದ ಮೇಲೆ ನಾಲ್ಕು ಗಂಟೆಗಳ ಕಾಲ ವಿದ್ಯುದ್ದೀಪದ ಬೆಳಕು ಕೊಡಿ. ಕಾಂಡದ ಎತ್ತರವನ್ನು ವಾರಕ್ಕೊಮ್ಮೆ ಅಳೆಯಿರಿ. ಸಹಕಾರನಗರದ ವಿದ್ಯಾರ್ಥಿಗಳಿಗೆ ಒಂದು ಅನುಕೂಲವೂ ಉಂಟು. 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಅವರ ಬಡಾವಣೆಯ ಮಗ್ಗುಲಲ್ಲಿಯೇ ಇದೆ. ಅಲ್ಲಿ ನಡೆಯುವ ಕೃಷಿಮೇಳಕ್ಕೆ ಹೋದಾಗ ತಾವು ಅಳೆದು ಬರೆದ ಅಂಕೆಗಳನ್ನು ಕೈಯಲ್ಲಿ ಹಿಡಿದು ಪ್ರಶ್ನೆ ಕೇಳಿದರೆ ತಜ್ಞರಿಂದ ಹೆಚ್ಚು ಪ್ರಯೋಜನವನ್ನು ಪಡೆಯಬಹುದು.

ಆಸ್ಟರ್ ಗಿಡ ನಾಲ್ಕೈದು ತಿಂಗಳಲ್ಲಿ ತನ್ನ ಕೆಲಸವನ್ನು ಮುಗಿಸಿ ಹೋಗುವುದು. ಹೋಗುವಾಗ ಅದು ಒಂದು ಚಿಟಿಕೆ ಬೀಜವನ್ನೂ ಒಂದು ಪಾತಿ ಮಣ್ಣನ್ನೂ ನಮ್ಮ ವಶಕ್ಕೆ ಒಪ್ಪಿಸಿರುವುದು. ಅವುಗಳನ್ನು ನಾವು ಹೇಗೆ ಕಾಯುತ್ತೇವೆಂಬುದರ ಮೇಲೆ ಮುಂದಿನ ವರ್ಷದ ಹೂ ನಿಂತಿದೆ.